ಹತ್ತು ಲಾರಿಗೆ ಒಂದು ಗ್ರಾಂ: ಯುರೋಪಿನ ಆಮದು ನಿಯಮಗಳೂ ನಮ್ಮ ಮಿಡಿಸೌತೆಯೂ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಭಾರತ ಮತ್ತು ಯುರೋಪಿಯನ್ ಒಕ್ಕೂಟದ ನಡುವಿನ ವ್ಯಾಪಾರ ಮಾತುಕತೆಯ ಸುದ್ದಿ ಬಂದಾಗಲೆಲ್ಲ ಅವರ ಕಾರು, ಅವರ ವೈನ್, ಅವರ ಚೀಸ್ ನಮ್ಮಲ್ಲಿ ಎಷ್ಟು ಅಗ್ಗವಾಗಬಹುದು ಎಂಬ ಚರ್ಚೆಯೇ ಪತ್ರಿಕೆಗಳಲ್ಲಿ ತುಂಬಿರುತ್ತಿತ್ತು. 2007ರಲ್ಲಿ ಆರಂಭವಾಗಿ, 2013ರಲ್ಲಿ ನಿಂತು, 2022ರಲ್ಲಿ ಮತ್ತೆ ಶುರುವಾಗಿ, 2026ರ ಜನವರಿಯಲ್ಲಿ ಮುಗಿದ ಈ ಮಾತುಕತೆಯ ಸುದ್ದಿಗಳಲ್ಲಿ ನಾನು ಹುಡುಕುತ್ತಾ ಬಂದದ್ದು ಬೇರೊಂದು ಸಂಗತಿಯನ್ನು. ನಮ್ಮ ಹೊಲದ ಬೆಳೆ ಅವರ ಬಂದರಿನಲ್ಲಿ ಇಳಿಯುವಾಗ ಯಾವ ನಿಯಮಕ್ಕೆ ಒಳಪಡುತ್ತದೆ, ಆ ನಿಯಮ ಬದಲಾದರೆ ಅದರ ನಷ್ಟ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದು ಸುದ್ದಿಯಾಗಿ ನನ್ನ ಕಣ್ಣಿಗೆ ಬಿದ್ದದ್ದು ಬಹಳ ಕಡಿಮೆ. ಅದನ್ನು ನಾನು ತಿಳಿದದ್ದು ಸ್ವಂತ ಅನುಭವದಿಂದ. ನಾನು ಚಿಂತಾಮಣಿ ತಾಲ್ಲೂಕಿನಲ್ಲಿ ಮೂರೂವರೆ ಎಕರೆ ಜಮೀನಿರುವ ಬೆಳೆಗಾರ. ಎರಡು ಎಕರೆಯಲ್ಲಿ ಮಾವಿನ ಮರಗಳಿವೆ, ಉಳಿದದ್ದರಲ್ಲಿ ಟೊಮೆಟೊ ಮತ್ತು ಮಿಡಿಸೌತೆ (ಗರ್ಕಿನ್ ಎಂಬ ಪುಟ್ಟ ಸೌತೆ) ಬೆಳೆದಿದ್ದೇನೆ. ಪತ್ರ ಸ್ವಲ್ಪ ದೀರ್ಘವಾಗಿದೆ. ತಮ್ಮ ಓದುಗರಲ್ಲಿ ನನ್ನಂಥ ಬೆಳೆಗಾರರು ಬಹಳ ಮಂದಿ ಇದ್ದಾರೆಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

ಆಮದು ಸುಂಕದ ಒಂದು ಅಂಕಿ ಹಳ್ಳಿಯ ಮನೆಯ ಒಲೆಯವರೆಗೆ ಹೇಗೆ ಬಂದು ಮುಟ್ಟುತ್ತದೆ ಎಂಬುದನ್ನು ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದಾಗ ಚೀನಾದ ರೇಷ್ಮೆ ಅಗ್ಗವಾಗಿ ಒಳಬಂತು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ದರ ಕುಸಿಯಿತು. ಹಿಪ್ಪುನೇರಳೆಯನ್ನು ಬುಡಸಮೇತ ಕಿತ್ತು ಬೇರೆ ಬೆಳೆಗೆ ಹೋದವರನ್ನು ನಾನೇ ಕಂಡಿದ್ದೇನೆ. ಆದರೆ ಆ ನಿರ್ಧಾರ ಆದದ್ದು ದೆಹಲಿಯಲ್ಲಿ. ರೈತರು ರಸ್ತೆಗಿಳಿದರು, ಸಂಸದರನ್ನು ಕೇಳಿದರು, ಮನವಿಗಳು ಹೋದವು, 2013ರಲ್ಲಿ ಸುಂಕ ಶೇ 15ಕ್ಕೆ ಏರಿತು. ಪೂರ್ಣ ನ್ಯಾಯ ಸಿಗಲಿಲ್ಲವಾದರೂ ಕೇಳುವುದಕ್ಕೆ ಒಂದು ಬಾಗಿಲಾದರೂ ಇತ್ತು. ಅಂಥದೇ ಒಂದು ಅಂಕಿ ಯುರೋಪಿಯನ್ ಒಕ್ಕೂಟದ ಕಚೇರಿಯಿರುವ ಬ್ರಸೆಲ್ಸ್‌ನಲ್ಲಿ ಬದಲಾದರೆ ನಮ್ಮ ತಾಲ್ಲೂಕಿನ ಬೆಳೆಗಾರ ಯಾವ ಕಚೇರಿಯ ಮುಂದೆ ಕೂರಬೇಕು? ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದು.

ಮಿಡಿಸೌತೆಯನ್ನು ಬೆಳೆಯದವರಿಗಾಗಿ ಎರಡು ಮಾತು ಹೇಳಬೇಕು. 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಸಣ್ಣ ಪ್ರಮಾಣದಲ್ಲಿ ಶುರುವಾದ ಈ ಬೆಳೆ ಇಂದು ತಮಿಳುನಾಡು, ಆಂಧ್ರ, ತೆಲಂಗಾಣಗಳಿಗೂ ಹಬ್ಬಿದೆ. 2022ರ ಜನವರಿಯಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವೇ ಹೇಳಿದಂತೆ ಸುಮಾರು 90,000 ಸಣ್ಣ ಮತ್ತು ಅತಿಸಣ್ಣ ರೈತರು 65,000 ಎಕರೆಯಲ್ಲಿ ಇದನ್ನು ಒಪ್ಪಂದದ ಮೇಲೆ ಬೆಳೆಯುತ್ತಾರೆ, ಮತ್ತು ಸೌತೆ-ಮಿಡಿಸೌತೆಯ ರಫ್ತಿನಲ್ಲಿ ಭಾರತ ಜಗತ್ತಿಗೇ ಮೊದಲನೆಯದು. ತೊಂಬತ್ತು ದಿನದ ಬೆಳೆ. ಬೀಜ, ಗೊಬ್ಬರ, ಔಷಧಿ ಎಲ್ಲವನ್ನೂ ಕಂಪನಿ ಸಾಲದ ಲೆಕ್ಕದಲ್ಲಿ ಕೊಡುತ್ತದೆ. ಫೀಲ್ಡ್ ಆಫೀಸರ್ ಹೇಳಿದ ದಿನ ಹೇಳಿದ ಔಷಧಿ ಹೊಡೆಯಬೇಕು. ಕಾಯಿ ಬಿಡಲು ಶುರುವಾದ ಮೇಲೆ ಒಂದು ದಿನವೂ ಕೊಯ್ಲು ತಪ್ಪುವಂತಿಲ್ಲ, ಯಾಕೆಂದರೆ ಕಿಲೋಗೆ ಎಷ್ಟು ಕಾಯಿ ತೂಗುತ್ತದೆ ಎಂಬುದರ ಮೇಲೆ ದರ ನಿಂತಿದೆ. ಕಿಲೋಗೆ 160ಕ್ಕಿಂತ ಹೆಚ್ಚು ಕಾಯಿ ಬಂದರೆ ಒಳ್ಳೆಯ ದರ. ಮನೆಯಲ್ಲಿ ಸಾವೋ ಮದುವೆಯೋ ಆಗಿ ಒಂದು ದಿನ ಬಿಟ್ಟರೆ ಬೆರಳಿನಷ್ಟಿದ್ದ ಕಾಯಿ ಹೆಬ್ಬೆರಳಾಗಿ ದರ ಇಳಿದುಹೋಗುತ್ತದೆ. ಬೆಳಗಿನಿಂದ ಬಗ್ಗಿ ಕೊಯ್ಯುವವರಲ್ಲಿ ಹೆಚ್ಚಿನವರು ಹೆಂಗಸರು. ಸಂಜೆ ಕಲೆಕ್ಷನ್ ಸೆಂಟರಿನಲ್ಲಿ ತೂಗಿ, ಆಯ್ದು, ಲಾರಿಗೆ ಏರಿಸಿದರೆ ಅದು ಉಪ್ಪುನೀರಿನಲ್ಲೋ ವಿನೆಗರಿನಲ್ಲೋ ನೆನೆದು, ಡ್ರಮ್ಮು ಅಥವಾ ಬಾಟಲಿಯಲ್ಲಿ ಯುರೋಪಿಗೂ ಅಮೆರಿಕಕ್ಕೂ ಹೋಗುತ್ತದೆ.

ಈ ಬೆಳೆಯ ಇನ್ನೊಂದು ಗುಣವನ್ನು ಗಮನಿಸಬೇಕು. ಟೊಮೆಟೊ ದರ ಬಿದ್ದರೆ ಕೋಲಾರದ ಮಂಡಿಗೆ ಹಾಕಿ ಬಂದಷ್ಟು ತರುತ್ತೇವೆ. ಅದೂ ಆಗದಿದ್ದರೆ ಮನೆಗೆ, ನೆಂಟರಿಗೆ, ದನಕ್ಕೆ ಆಗುತ್ತದೆ. ಮಿಡಿಸೌತೆಗೆ ಇಲ್ಲಿ ಸಂತೆಯೇ ಇಲ್ಲ. ಚಿಂತಾಮಣಿಯಲ್ಲಿ ಅದನ್ನು ತಿನ್ನುವವರೂ ಇಲ್ಲ, ಕೊಳ್ಳುವವರೂ ಇಲ್ಲ. ಕಂಪನಿ ಬೇಡವೆಂದರೆ ಅದರ ಬೆಲೆ ಸೊನ್ನೆ. ಸಾವಿರದ ಇನ್ನೂರು ಅಡಿ ಕೊರೆದು ತೆಗೆದ ನೀರನ್ನು ಹನಿ ಹನಿಯಾಗಿ ಕುಡಿಸಿ ಬೆಳೆದ ಬೆಳೆಗೆ ಜಗತ್ತಿನಲ್ಲಿ ಒಂದೇ ಬಾಗಿಲು ಇದೆ, ಆ ಬಾಗಿಲಿನ ಅಗುಳಿ ಬೇರೆಯವರ ಕೈಯಲ್ಲಿದೆ.

2021ರ ಆರಂಭದಲ್ಲಿ ನಾನು ಒಂದೂವರೆ ಎಕರೆಗೆ ಮಿಡಿಸೌತೆ ಹಾಕಿದ್ದೆ. ಮೂರನೇ ವಾರದ ಕೊಯ್ಲಿನ ಹೊತ್ತಿಗೆ ಫೀಲ್ಡ್ ಆಫೀಸರ್ ಬಂದು, ನಮ್ಮ ಸೆಂಟರಿನಿಂದ ಹೋದ ಲಾಟ್‌ನಲ್ಲಿ ಔಷಧಿಯ ಅಂಶ ಸಿಕ್ಕಿದೆ, ನಾಳೆಯಿಂದ ನಿಮ್ಮ ಕಾಯಿ ಬೇಡ ಎಂದರು. ಯಾವ ಔಷಧಿ ಎಂದು ಕೇಳಿದಾಗ ಕ್ಲೋರ್‌ಪೈರಿಫಾಸ್ ಎಂದರು. ನಾನು ಆ ಬೆಳೆಗೆ ಅದನ್ನು ಹೊಡೆದಿರಲಿಲ್ಲ. ಹಿಂದಿನ ಟೊಮೆಟೊ ಬೆಳೆಗೆ ಹೊಡೆದಿದ್ದೆ, ಪಕ್ಕದ ಹೊಲದವರು ಆಗಲೂ ಹೊಡೆಯುತ್ತಿದ್ದರು. ಮಣ್ಣಿನಿಂದ ಬಂತೋ, ಗಾಳಿಯಲ್ಲಿ ಬಂತೋ, ಸೆಂಟರಿನಲ್ಲಿ ನನ್ನ ಕಾಯಿಯ ಜೊತೆ ಬೆರೆತ ಬೇರೆಯವರ ಕಾಯಿಯಿಂದ ಬಂತೋ ಎಂದು ತಿಳಿಯುವ ದಾರಿ ನನಗಿರಲಿಲ್ಲ. ಪ್ರಯೋಗಾಲಯದ ವರದಿಯ ಪ್ರತಿ ಕೇಳಿದೆ, ಕೊಡಲಿಲ್ಲ. ಬೀಜ, ಗೊಬ್ಬರದ ಸಾಲವನ್ನು ಅದುವರೆಗಿನ ಕಾಯಿಯ ಹಣದಲ್ಲಿ ಮುರಿದುಕೊಂಡರು. ಬಳ್ಳಿ ಇನ್ನೂ ಹಸಿರಾಗಿತ್ತು, ದಿನವೂ ಕಾಯಿ ಬಿಡುತ್ತಿತ್ತು. ಕೊಯ್ದು ತಿಪ್ಪೆಗೆ ಹಾಕಲು ಕೂಲಿ ಕೊಡುವ ಶಕ್ತಿ ಇಲ್ಲದೆ ಹಾಗೆಯೇ ಬಿಟ್ಟೆ.

ಕಾರಣ ನನಗೆ ತಿಳಿದದ್ದು ಬಹಳ ದಿನಗಳ ಮೇಲೆ, ಬೆಂಗಳೂರಿನಲ್ಲಿ ಓದುತ್ತಿದ್ದ ಅಣ್ಣನ ಮಗ ಹುಡುಕಿ ಓದಿ ಹೇಳಿದಾಗ. ಯುರೋಪಿಯನ್ ಒಕ್ಕೂಟವು 2020ರ ಜನವರಿಯಲ್ಲಿ ಕ್ಲೋರ್‌ಪೈರಿಫಾಸ್‌ನ ಅನುಮತಿಯನ್ನು ನವೀಕರಿಸಲಿಲ್ಲ. ಅದೇ ವರ್ಷದ ನವೆಂಬರ್ 13ರಿಂದ ಆಹಾರದಲ್ಲಿ ಅದರ ಉಳಿಕೆಯ ಮಿತಿಯನ್ನು ಕಿಲೋಗೆ 0.01 ಮಿಲಿಗ್ರಾಂಗೆ ಇಳಿಸಿತು. ಈ ಅಂಕಿಯನ್ನು ನಮ್ಮ ಅಳತೆಗೆ ತಂದು ನೋಡಿದರೆ ನೂರು ಟನ್ ಕಾಯಿಯಲ್ಲಿ ಒಂದು ಗ್ರಾಂ ಆಗುತ್ತದೆ. ಹತ್ತು ಟನ್ ಹೊರುವ ಲಾರಿಗಳಲ್ಲಿ ಹತ್ತನ್ನು ಸಾಲಾಗಿ ನಿಲ್ಲಿಸಿ, ಅಷ್ಟೂ ಕಾಯಿಗೆ ಸೇರಿ ಒಂದು ಗ್ರಾಂ. ಒಕ್ಕೂಟದಲ್ಲಿ ಪ್ರತ್ಯೇಕ ಮಿತಿ ನಿಗದಿಯಾಗದ ಕೀಟನಾಶಕಗಳಿಗೆಲ್ಲ ಇದೇ ಸಾಮಾನ್ಯ ಮಿತಿ. ಯಂತ್ರಗಳು ಖಚಿತವಾಗಿ ಅಳೆಯಬಲ್ಲ ಕನಿಷ್ಠ ಪ್ರಮಾಣದ ಸುಮಾರಿಗೆ ಇದನ್ನು ಇಟ್ಟಿದ್ದಾರೆಯೇ ಹೊರತು, ಪ್ರತಿಯೊಂದು ಔಷಧಿಯ ಅಪಾಯವನ್ನು ಬೇರೆ ಬೇರೆಯಾಗಿ ತೂಗಿ ಬಂದ ಅಂಕಿ ಇದಲ್ಲ.

ನನ್ನ ಮಾತನ್ನು ತಪ್ಪಾಗಿ ತಿಳಿಯಬಾರದು. ಕ್ಲೋರ್‌ಪೈರಿಫಾಸ್ ಮಕ್ಕಳ ಮಿದುಳಿನ ಬೆಳವಣಿಗೆಗೆ ಕೇಡು ಮಾಡಬಹುದೆಂಬ ಆತಂಕದಿಂದಲೇ, ಅದಕ್ಕೆ ಸುರಕ್ಷಿತ ಪ್ರಮಾಣವೆಂಬುದನ್ನು ಹೇಳಲಾಗದು ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿ ತೀರ್ಮಾನಿಸಿತು. ಆ ತೀರ್ಮಾನವನ್ನು ನಾನು ಗೌರವಿಸುತ್ತೇನೆ. ಔಷಧಿ ಹೊಡೆದ ಸಂಜೆ ತಲೆ ಸುತ್ತಿ ಮಲಗುವುದು ಏನೆಂದು ಬಲ್ಲವರು ನಾವು. ಆ ಡ್ರಮ್ಮಿಗೆ ಕೈಹಾಕಿ ಕಲಸುವವರು ನಾವು. ಯುರೋಪಿನ ಮಗುವಿಗೆ ಆಗದ್ದು ನನ್ನ ಮೊಮ್ಮಗುವಿಗೂ ಆಗಬಾರದು. ನನ್ನ ತಕರಾರು ಅವರು ಮಿತಿ ಹಾಕಿದ್ದರ ಬಗ್ಗೆ ಅಲ್ಲವೇ ಅಲ್ಲ. ಆ ಮಿತಿಯನ್ನು ಮುಟ್ಟುವ ಖರ್ಚು, ಅದು ಬದಲಾದ ಸುದ್ದಿ ತಿಳಿಯದೆ ಆದ ನಷ್ಟ, ಅನುಮಾನದ ಭಾರ ಎಲ್ಲವೂ ಸರಪಳಿಯ ಕೊನೆಯಲ್ಲಿರುವ, ಮಾತನಾಡಲು ಜಾಗವೇ ಇಲ್ಲದ ಒಬ್ಬ ಮನುಷ್ಯನ ಮೇಲೆ ಬೀಳುತ್ತಿದೆ. ಅಂಗಡಿಯ ಕಪಾಟಿನಲ್ಲಿ ಆ ಬಾಟಲಿಗೆ ಸಿಗುವ ಬೆಲೆಯಲ್ಲಿ ಈ ಖರ್ಚಿಗೆಂದು ಒಂದು ಪೈಸೆಯೂ ನಮಗೆ ಹೆಚ್ಚು ಬರುವುದಿಲ್ಲ.

ಇದು ಮಿಡಿಸೌತೆಯೊಂದರ ಕಥೆಯಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. 2010ರಲ್ಲಿ ನಮ್ಮ ದೇಶದ ದ್ರಾಕ್ಷಿ ಯುರೋಪಿನ ಬಂದರುಗಳಲ್ಲಿ ಸಿಕ್ಕಿಕೊಂಡಿತು. ಕಾರಣ ಕ್ಲೋರ್‌ಮೆಕ್ವಾಟ್ ಕ್ಲೋರೈಡ್, ಬಳ್ಳಿಯ ಬೆಳವಣಿಗೆಯನ್ನು ಹಿಡಿತದಲ್ಲಿಡಲು ಬಳಸುವ ರಾಸಾಯನಿಕ. ನಮ್ಮಲ್ಲಿ ರಫ್ತಿಗೆ ಮುನ್ನ ಪರೀಕ್ಷಿಸಬೇಕಾದ ವಸ್ತುಗಳ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಅಂದರೆ ಎಲ್ಲ ಪರೀಕ್ಷೆಯಲ್ಲೂ ಪಾಸಾಗಿ ಹೋದ ಹಣ್ಣು ಅಲ್ಲಿ ಫೇಲಾಯಿತು. ಹೆಚ್ಚಿನ ಪೆಟ್ಟು ಬಿದ್ದದ್ದು ಮಹಾರಾಷ್ಟ್ರದ ಬೆಳೆಗಾರರಿಗೆ. ರಫ್ತುದಾರರಿಗೆ ಹಣ ಬರಲಿಲ್ಲ, ರಫ್ತುದಾರರು ರೈತರಿಗೆ ಕೊಡಲಿಲ್ಲ. ಆಮೇಲೆ 2014. ಹಿಂದಿನ ವರ್ಷ ಭಾರತದಿಂದ ಬಂದ ಹಣ್ಣು-ತರಕಾರಿಯ 207 ರವಾನೆಗಳಲ್ಲಿ ಹಣ್ಣಿನ ನೊಣ ಮತ್ತಿತರ ಕೀಟಗಳು ಸಿಕ್ಕಿವೆ ಎಂದು ಮೇ 1ರಿಂದ ಮಾವು, ಬದನೆ, ಹಾಗಲ, ಪಡವಲ, ಕೆಸುವುಗಳನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿತು. ತಪಾಸಣೆ ಸರಿಯಿರಲಿಲ್ಲ ಎಂಬುದು ನಿಜ, ಅದು ನಮ್ಮವರ ತಪ್ಪು. ಆದರೆ ಮೇ ಒಂದನೇ ತಾರೀಖು ಎಂದರೆ ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿಗೆ ಮಂಡಿಗಳು ಸಿದ್ಧವಾಗುತ್ತಿರುವ ಹೊತ್ತು. ನಮ್ಮ ಕಡೆಯಿಂದ ನೇರವಾಗಿ ಯುರೋಪಿಗೆ ಹೋಗುವ ಹಣ್ಣು ಎಷ್ಟೋ, ಅದು ಬೇರೆ ಮಾತು. ಹೊರಗೆ ಹೋಗಬೇಕಾದ ಬಾದಾಮಿ ಒಳಗಿನ ಮಾರುಕಟ್ಟೆಯಲ್ಲೇ ಉಳಿದರೆ ಎಲ್ಲರ ಹಣ್ಣಿನ ದರವನ್ನೂ ಎಳೆದುಕೊಂಡು ಬೀಳುತ್ತದೆ. 2015ರ ಆರಂಭದಲ್ಲಿ, ಬಿಸಿನೀರಿನ ಸಂಸ್ಕರಣೆ ಮತ್ತು ಬಿಗಿ ತಪಾಸಣೆಯ ವ್ಯವಸ್ಥೆ ಆದ ಮೇಲೆ, ಮಾವಿನ ಮೇಲಿನ ನಿಷೇಧ ತೆರವಾಯಿತು. ಸರ್ಕಾರ ಕೂತು ಕೆಲಸ ಮಾಡಿದರೆ ವರ್ಷದೊಳಗೆ ದಾರಿ ಸಿಗುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಆ ಕೆಲಸವನ್ನು ನಿಷೇಧಕ್ಕಿಂತ ಮೊದಲೇ ಮಾಡಬಹುದಿತ್ತು ಎಂಬುದಕ್ಕೂ ಸಾಕ್ಷಿ.

ಪಾವಗಡ, ಶಿರಾ, ಮಧುಗಿರಿಯ ಕಡಲೆಕಾಯಿ ಬೆಳೆಗಾರರಿಗೆ ಇನ್ನೊಂದು ಮಾತು ಗೊತ್ತಿರಬೇಕು. ಕಾಯಿ ಬಲಿಯುವ ಕೊನೆಯ ವಾರಗಳಲ್ಲಿ ಮಳೆ ಕೈಕೊಟ್ಟು, ಒಕ್ಕಣೆಯ ನಂತರ ತೇವದಲ್ಲಿ ಶೇಖರಿಸಿದರೆ ಬೀಜಕ್ಕೆ ಒಂದು ಬಗೆಯ ಬೂಷ್ಟು ಹಿಡಿಯುತ್ತದೆ. ಅದು ಉಂಟುಮಾಡುವ ವಿಷದ ಹೆಸರು ಅಫ್ಲಟಾಕ್ಸಿನ್, ಯಕೃತ್ತಿನ ಕ್ಯಾನ್ಸರ್‌ಗೆ ಕಾರಣವಾಗಬಲ್ಲ ವಿಷ. ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳು ಸೇರಿ 1963ರಲ್ಲಿ ಸ್ಥಾಪಿಸಿದ, ಆಹಾರಕ್ಕೆ ಅಂತರರಾಷ್ಟ್ರೀಯ ಮಿತಿಗಳನ್ನು ಗೊತ್ತುಮಾಡುವ ಕೋಡೆಕ್ಸ್ ಆಯೋಗವು ಸಂಸ್ಕರಣೆಗೆ ಹೋಗುವ ಕಡಲೆಬೀಜಕ್ಕೆ ಕಿಲೋಗೆ 15 ಮೈಕ್ರೋಗ್ರಾಂ ಮಿತಿ ಇಟ್ಟಿದೆ. ನೇರವಾಗಿ ತಿನ್ನುವ ಬೀಜಕ್ಕೆ ಯುರೋಪಿಯನ್ ಒಕ್ಕೂಟದ ಮಿತಿ 4. ಈ ನಿಯಮ ಬರುವ ಕಾಲದಲ್ಲಿ, 2001ರಲ್ಲಿ, ವಿಶ್ವಬ್ಯಾಂಕಿನ ಅರ್ಥಶಾಸ್ತ್ರಜ್ಞರು ಒಂದು ಲೆಕ್ಕ ಮಾಡಿದ್ದರು. ಅಂತರರಾಷ್ಟ್ರೀಯ ಮಿತಿಯ ಬದಲು ಯುರೋಪಿನ ಬಿಗಿ ಮಿತಿ ಹೇರಿದರೆ ಆಫ್ರಿಕಾದ ದೇಶಗಳಿಂದ ಅಲ್ಲಿಗೆ ಹೋಗುವ ಧಾನ್ಯ, ಒಣಹಣ್ಣು, ಬೀಜಗಳ ರಫ್ತು ಶೇ 64ರಷ್ಟು, ಅಂದರೆ 67 ಕೋಟಿ ಡಾಲರಿನಷ್ಟು ಇಳಿಯುತ್ತದೆ, ಅದರಿಂದ ಉಳಿಯುವ ಜೀವ ನೂರು ಕೋಟಿ ಜನರಲ್ಲಿ ವರ್ಷಕ್ಕೆ ಸುಮಾರು 1.4 ಎಂದು. ಅದು ಅಂದಾಜು, ಅಂದಾಜನ್ನು ಅಂದಾಜಾಗಿಯೇ ಓದಬೇಕು. ಆದರೂ ಸೆನೆಗಲ್‌ನ ಕಡಲೆಕಾಯಿ ರೈತನ ಹೆಸರು ಗೊತ್ತಿಲ್ಲದಿದ್ದರೂ ಅವನ ಸಂಕಟ ನನಗೆ ಗೊತ್ತು. ಕೆನ್ಯಾದ ಬೀನ್ಸ್ ಬೆಳೆಗಾರರ ಸಂಕಟವೂ ಗೊತ್ತು: ಅಲ್ಲಿಂದ ಬರುವ ಬೀನ್ಸ್, ಬಟಾಣಿಯ ಹತ್ತರಲ್ಲಿ ಒಂದು ರವಾನೆಯನ್ನು ಔಷಧಿಯ ಉಳಿಕೆಗಾಗಿ ಪರೀಕ್ಷಿಸುವ ನಿಯಮ 2013ರಲ್ಲಿ ಬಂದಾಗ, ದೊಡ್ಡ ಕಂಪನಿಗಳು ಸಣ್ಣ ರೈತರಿಂದ ಕೊಳ್ಳುವುದನ್ನು ಕಡಿಮೆ ಮಾಡಿ ತಮ್ಮದೇ ದೊಡ್ಡ ತೋಟಗಳ ಮೇಲೆ ಅವಲಂಬಿತವಾದವು. ಅರ್ಧ ಎಕರೆಯವನ ಲೆಕ್ಕಪತ್ರ ಇಡುವುದಕ್ಕಿಂತ ಅವನನ್ನು ಬಿಡುವುದು ಕಂಪನಿಗೆ ಸುಲಭ. ನಾಳೆ ನಮ್ಮಲ್ಲಿಯೂ ಅದೇ ಆಗಬಹುದು.

ಮತ್ತೊಂದು ಪ್ರಶ್ನೆಯನ್ನು ಇಲ್ಲಿಯೇ ಕೇಳಿಬಿಡುತ್ತೇನೆ, ಯಾಕೆಂದರೆ ನನಗೆ ಎಲ್ಲಕ್ಕಿಂತ ನೋವು ಕೊಡುವುದು ಅದು. ಯುರೋಪು ಬೇಡವೆಂದ ಬೀಜ ಎಲ್ಲಿಗೆ ಹೋಗುತ್ತದೆ? ಅದನ್ನು ಸಮುದ್ರಕ್ಕೆ ಸುರಿಯುವುದಿಲ್ಲ. ಮರಳಿ ಬಂದ ಸರಕಾಗಲಿ, ಆಯುವಾಗ ತೆಗೆದ ಸರಕಾಗಲಿ ಇಲ್ಲಿನ ಗಾಣಕ್ಕೋ ಅಂಗಡಿಗೋ ಬರುವುದನ್ನು ತಡೆಯುವ ಕಣ್ಗಾವಲು ನಮ್ಮಲ್ಲಿ ಬಲವಾಗಿಲ್ಲ. ಒಳ್ಳೆಯದನ್ನು ಹೊರಗೆ ಕಳಿಸಿ ಉಳಿದದ್ದನ್ನು ನಮ್ಮ ಮಕ್ಕಳಿಗೆ ಕೊಡುವ ವ್ಯವಸ್ಥೆಯನ್ನು ರಫ್ತಿನ ಸಾಧನೆ ಎಂದು ಕರೆಯಲು ನನ್ನಿಂದಾಗದು.

ಔಷಧಿಯ ವಿಷಯದಲ್ಲಿಯೂ ಇದೇ ಇಬ್ಬಗೆ. ತಮ್ಮ ಹೊಲಗಳಲ್ಲಿ ನಿಷೇಧಿಸಿದ ಕೀಟನಾಶಕಗಳನ್ನು ತಯಾರಿಸಿ ಹೊರದೇಶಗಳಿಗೆ ಮಾರಲು ಯುರೋಪು ಇಂದಿಗೂ ತನ್ನ ಕಾರ್ಖಾನೆಗಳಿಗೆ ಪೂರ್ತಿ ತಡೆ ಹಾಕಿಲ್ಲ. 2018ನೇ ವರ್ಷವೊಂದರಲ್ಲೇ ಇಂಥ 81,000 ಟನ್‌ಗೂ ಹೆಚ್ಚು ಔಷಧಿಯ ರಫ್ತಿಗೆ ಒಪ್ಪಿಗೆ ಕೊಟ್ಟದ್ದು ಅಲ್ಲಿನ ಪತ್ರಕರ್ತರು ದಾಖಲೆಗಳನ್ನು ತೆಗೆಸಿ ಓದಿದಾಗ ಹೊರಬಂತು. ಈ ರಫ್ತನ್ನು ನಿಲ್ಲಿಸುವುದಾಗಿ ಯುರೋಪಿಯನ್ ಆಯೋಗ 2020ರಲ್ಲಿ ಮಾತು ಕೊಟ್ಟಿತು. ಫ್ರಾನ್ಸ್ 2022ರಿಂದ ತನ್ನ ಮಟ್ಟಿಗೆ ಕಾನೂನು ಮಾಡಿತು. ಆ ಔಷಧಿಯನ್ನು ಮಾರುವುದೂ, ಅದರ ಅಂಶ ಇದೆಯೆಂದು ಕಾಯಿಯನ್ನು ತಿರಸ್ಕರಿಸುವುದೂ ಒಂದೇ ಕಡೆಯಿಂದ ಆಗುವುದಾದರೆ ಅದನ್ನು ಆರೋಗ್ಯದ ಕಾಳಜಿ ಎಂದು ನಾನು ಹೇಗೆ ಒಪ್ಪಲಿ? ನಮ್ಮ ಮನೆಯ ಮಾತನ್ನೂ ಮರೆಯುವುದಿಲ್ಲ. 2020ರ ಮೇ ತಿಂಗಳಲ್ಲಿ ನಮ್ಮದೇ ಕೇಂದ್ರ ಸರ್ಕಾರ 27 ಕೀಟನಾಶಕಗಳನ್ನು ನಿಷೇಧಿಸುವ ಕರಡು ಆದೇಶ ಹೊರಡಿಸಿತ್ತು. ಕ್ಲೋರ್‌ಪೈರಿಫಾಸ್ ಆ ಪಟ್ಟಿಯಲ್ಲಿತ್ತು, ಟೊಮೆಟೊಗೆ ನಾವೆಲ್ಲ ಹೊಡೆಯುವ ಮ್ಯಾಂಕೋಜೆಬ್ ಕೂಡ ಇತ್ತು. 2023ರಲ್ಲಿ ಅಂತಿಮ ಆದೇಶ ಬಂದಾಗ ಅವೆರಡೂ ನಿಷೇಧದಿಂದ ಹೊರಗುಳಿದವು. ಇಂದಿಗೂ ಚಿಂತಾಮಣಿಯ ಗೊಬ್ಬರದ ಅಂಗಡಿಯಲ್ಲಿ ಯಾವ ಎಚ್ಚರಿಕೆಯ ಮಾತೂ ಇಲ್ಲದೆ ಅವು ಕೈಗೆ ಸಿಗುತ್ತವೆ.

ಸುಂಕದ ಮಾತಿಗೆ ಬಂದರೆ, ಶ್ರೀಮಂತ ದೇಶಗಳು ಕಚ್ಚಾ ವಸ್ತುವಿಗೆ ಬಾಗಿಲು ತೆರೆದು ಸಿದ್ಧವಸ್ತುವಿಗೆ ಅಡ್ಡ ನಿಲ್ಲುವುದು ಹಳೆಯ ಪದ್ಧತಿ. ಹಸಿರು ಕಾಫಿಬೀಜ ಯುರೋಪಿಗೆ ಸುಂಕವಿಲ್ಲದೆ ಹೋಗುತ್ತದೆ. ಅದನ್ನೇ ಇಲ್ಲಿ ಹುರಿದು ಕಳಿಸಿದರೆ ಸಾಮಾನ್ಯ ಸುಂಕ ಶೇ 7.5. ದೇಶದ ಕಾಫಿಯಲ್ಲಿ ಸುಮಾರು ಶೇ 70 ಬೆಳೆಯುವ ಕರ್ನಾಟಕ ಬೀಜ ಕಳಿಸುತ್ತದೆ. ಒಂದೂ ಕಾಫಿ ಗಿಡವಿಲ್ಲದ ಜರ್ಮನಿ ಹುರಿದ ಕಾಫಿಯನ್ನು ಜಗತ್ತಿಗೆ ಮಾರುತ್ತದೆ. ಸಿದ್ಧ ಉಡುಪಿಗೆ ಅವರ ಸಾಮಾನ್ಯ ಸುಂಕ ಶೇ 12. ಗೌರಿಬಿದನೂರು, ತುಮಕೂರು ಕಡೆಯಿಂದ ಬೆಳಗಿನ ಜಾವ ಬಸ್ಸು ಹತ್ತಿ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳ ಸಂಬಳದಲ್ಲಿ ಆ ಶೇಕಡಾವಾರು ಎಲ್ಲೋ ಅಡಗಿ ಕೂತಿರುತ್ತದೆ. ಯುರೋಪು ಒಳ್ಳೆಯದನ್ನೂ ಮಾಡಿದೆ ಎಂಬುದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಕಡುಬಡ ದೇಶಗಳಿಂದ ಬರುವ ಸರಕಿಗೆ, ಆಯುಧ ಮತ್ತು ಮದ್ದುಗುಂಡುಗಳನ್ನು ಬಿಟ್ಟು, 2001ರಿಂದ ಸುಂಕವನ್ನೇ ತೆಗೆದಿದೆ. ಆದರೆ ಸುಂಕವಿಲ್ಲವೆಂಬ ಮಾತ್ರಕ್ಕೆ ಸರಕು ಒಳಗೆ ಹೋಗುವುದಿಲ್ಲ. ಪ್ರಯೋಗಾಲಯ, ಪ್ರಮಾಣಪತ್ರ, ಶೀತಗೃಹ ಇಲ್ಲದ ದೇಶಕ್ಕೆ ಆ ರಿಯಾಯಿತಿಯಿಂದ ಸಿಗುವ ಲಾಭ ಅಲ್ಪ. ಇನ್ನು 2021ರಿಂದ 2027ರವರೆಗಿನ ಅವಧಿಗೆ ಅವರು ತಮ್ಮ ರೈತರ ನೆರವಿನ ನೀತಿಗೆ ಇಟ್ಟಿರುವ ಮೊತ್ತ ಸುಮಾರು 38,700 ಕೋಟಿ ಯೂರೋ. ಅವರ ರೈತನಿಗೆ ಅವರು ಕೊಡಲಿ, ನನಗೆ ಅಸೂಯೆಯಿಲ್ಲ. ಹೊಸ ನಿಯಮ ಬಂದಾಗ ಅಲ್ಲಿನ ರೈತನ ಬೆನ್ನಿಗೆ ಅಷ್ಟು ದೊಡ್ಡ ಖಜಾನೆ ನಿಂತಿರುತ್ತದೆ, ಇಲ್ಲಿನ ರೈತನ ಬೆನ್ನಿಗೆ ಕೈಸಾಲ ನಿಂತಿರುತ್ತದೆ ಎಂಬುದನ್ನು ಮಾತ್ರ ಗಮನಕ್ಕೆ ತರುತ್ತಿದ್ದೇನೆ.

ಇದೇ ಒಕ್ಕೂಟ 2023ರಲ್ಲಿ ಇನ್ನೊಂದು ಕಾನೂನು ಮಾಡಿತು. ಕಾಫಿ, ಕೋಕೋ, ರಬ್ಬರ್ ಮೊದಲಾದವು 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಮೀನಿನಲ್ಲಿ ಬೆಳೆದದ್ದಲ್ಲ ಎಂದು ತೋಟದ ಅಕ್ಷಾಂಶ-ರೇಖಾಂಶ ಸಮೇತ ತೋರಿಸಬೇಕೆಂಬುದು ಅದರ ಸಾರ. ಕಾಡು ಉಳಿಯಲಿ ಎಂಬ ಆಶಯಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಆದರೆ ತಯಾರಿ ಸಾಲದು, ಗಣಕ ವ್ಯವಸ್ಥೆ ಸಿದ್ಧವಿಲ್ಲ ಎಂಬ ಕಾರಣಗಳಿಗೆ ಆ ಕಾನೂನಿನ ಜಾರಿಯನ್ನು ಒಂದಕ್ಕಿಂತ ಹೆಚ್ಚು ಸಲ ಮುಂದೂಡಿದರು. ದೊಡ್ಡವರು ಸಿದ್ಧರಿಲ್ಲದಾಗ ನಿಯಮ ಕಾಯುತ್ತದೆ ಎಂದು ನಾನು ಇದರಿಂದ ತಿಳಿದೆ. 2021ರಲ್ಲಿ ನನ್ನ ಒಂದೂವರೆ ಎಕರೆಗಾಗಿ ಅದು ಒಂದು ದಿನವೂ ಕಾಯಲಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ನನಗೆ ತೋಚಿದ್ದನ್ನು ಹೇಳುತ್ತೇನೆ. ವಿಶ್ವ ವ್ಯಾಪಾರ ಸಂಸ್ಥೆ 1995ರಲ್ಲಿ ಹುಟ್ಟಿದಾಗಲೇ ಆಹಾರ ಸುರಕ್ಷತೆ ಮತ್ತು ಸಸ್ಯ ಆರೋಗ್ಯದ ನಿಯಮಗಳಿಗೆ ಒಂದು ಒಪ್ಪಂದವಾಗಿದೆ. ಯಾವುದೇ ದೇಶ ಅಂತರರಾಷ್ಟ್ರೀಯ ಮಟ್ಟಕ್ಕಿಂತ ಬೇರೆಯಾದ ಹೊಸ ನಿಯಮ ತರುವಾಗ ಮೊದಲೇ ತಿಳಿಸಬೇಕು, ಇತರ ದೇಶಗಳು ಅಭಿಪ್ರಾಯ ಹೇಳಲು ಸಾಮಾನ್ಯವಾಗಿ 60 ದಿನ ಕೊಡಬೇಕು. ಪ್ರಕಟಣೆಗೂ ಜಾರಿಗೂ ನಡುವೆ ಸಾಮಾನ್ಯವಾಗಿ ಆರು ತಿಂಗಳಾದರೂ ಇರಬೇಕೆಂದು 2001ರಲ್ಲಿ ದೋಹಾದಲ್ಲಿ ತೀರ್ಮಾನವಾಗಿದೆ. ಅಂದರೆ ನಾನು ಮೊದಲು ಕೇಳಿದ ಬಾಗಿಲು ಪೂರ್ತಿ ಇಲ್ಲವೆಂದಲ್ಲ, ಅದು ದೆಹಲಿಯಲ್ಲಿದೆ. ಆ ಅರವತ್ತು ದಿನಗಳಲ್ಲಿ ದೆಹಲಿಯ ಅಧಿಕಾರಿಗಳು ಏನು ಉತ್ತರ ಬರೆಯುತ್ತಾರೆ, ಬರೆಯುವ ಮುನ್ನ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಬೆಳೆಗಾರರನ್ನು ಯಾರಾದರೂ ಕೇಳುತ್ತಾರೆಯೇ? ಇಂಥದೊಂದು ಪ್ರಕಟಣೆ ಕನ್ನಡದಲ್ಲಿ ನಮ್ಮ ರೈತ ಸಂಪರ್ಕ ಕೇಂದ್ರದ ಗೋಡೆಗೆ ಅಂಟಿದ್ದನ್ನು ಇಷ್ಟು ವರ್ಷಗಳಲ್ಲಿ ನಾನು ಒಮ್ಮೆಯೂ ನೋಡಿಲ್ಲ.

ಯುರೋಪಿನವರು ಯಾವ ದೇಶದ ಯಾವ ಸರಕನ್ನು ಹೆಚ್ಚು ತಪಾಸಣೆ ಮಾಡಬೇಕೆಂಬ ಪಟ್ಟಿಯನ್ನು ಆರು ತಿಂಗಳಿಗೊಮ್ಮೆ ಪರಿಷ್ಕರಿಸುತ್ತಾರೆ. ನಮ್ಮ ಕರಿಬೇವು, ಬೆಂಡೆ, ಮೆಣಸಿನಕಾಯಿ, ಕಡಲೆಕಾಯಿ, ಎಳ್ಳು ಆ ಪಟ್ಟಿಯಲ್ಲಿ ಬಂದಿವೆ. ಒಬ್ಬರ ಸರಕು ಸಿಕ್ಕಿಬಿದ್ದರೆ ದೇಶದ ಎಲ್ಲರ ಸರಕೂ ಅನುಮಾನಕ್ಕೆ ಒಳಗಾಗುತ್ತದೆ. ಹೀಗಿರುವಾಗ ಪಟ್ಟಿ ಬದಲಾದ ವಾರದೊಳಗೆ ತೋಟಗಾರಿಕೆ ಇಲಾಖೆ ಅದನ್ನು ಕನ್ನಡದಲ್ಲಿ ಹೊರಡಿಸಬೇಕು. ಬರೀ ಅಂಕಿಗಳಲ್ಲ, ಅಂಗಡಿಯಲ್ಲಿ ಯಾವ ಹೆಸರಿನಲ್ಲಿ ಸಿಗುವ ಔಷಧಿಯನ್ನು ಕೊಯ್ಲಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು, ಯಾವುದನ್ನು ಮುಟ್ಟಲೇಬಾರದು, ಅದರ ಬದಲಿಗೆ ಏನು ಬಳಸಬೇಕು ಎಂಬುದು ನಮಗೆ ಬೇಕಾದ ಮಾಹಿತಿ. ಔಷಧಿಯ ಉಳಿಕೆ ಪರೀಕ್ಷೆಗೆ ಒಂದು ಮಾದರಿಗೆ ಕೆಲವು ಸಾವಿರ ರೂಪಾಯಿ ತಗಲುತ್ತದೆ, ಅದಕ್ಕೆ ಬೆಂಗಳೂರಿಗೆ ಹೋಗಬೇಕು. ಚಿಂತಾಮಣಿಯ ಕುರುಬೂರಿನಲ್ಲಿ ರೇಷ್ಮೆ ಕೃಷಿ ಕಾಲೇಜಿದೆ, ಕೋಲಾರದ ಟಮಕದಲ್ಲಿ ತೋಟಗಾರಿಕೆ ಕಾಲೇಜಿದೆ. ಇವೆರಡರಲ್ಲಿ ಎಲ್ಲಾದರೂ ಒಂದು ಕಡೆ ರೈತ ತಾನೇ ಕಾಯಿ ತೆಗೆದುಕೊಂಡು ಹೋಗಿ, ಕೊಯ್ಲಿಗೆ ಮುಂಚೆಯೇ, ಅವನಿಗೆ ಎಟುಕುವ ದರದಲ್ಲಿ ಪರೀಕ್ಷೆ ಮಾಡಿಸಿಕೊಳ್ಳುವಂತಾಗಬೇಕು. ಮಾವಿಗಾಗಿ ಮಾಲೂರಿನಲ್ಲಿ ವಿಕಿರಣ ಸಂಸ್ಕರಣಾ ಘಟಕ ಬರಬಹುದಾದರೆ ಇದು ಬರಲಾರದೆ?

ಒಪ್ಪಂದ ಬೇಸಾಯದ ಕರಾರಿನಲ್ಲಿಯೂ ಎರಡು ಸಾಲು ಸೇರಲೇಬೇಕು. ಬೆಳೆಯನ್ನು ಉಳಿಕೆಯ ಕಾರಣಕ್ಕೆ ತಿರಸ್ಕರಿಸುವ ಕಂಪನಿ ಪ್ರಯೋಗಾಲಯದ ವರದಿಯ ಪ್ರತಿಯನ್ನು ರೈತನ ಕೈಗೆ ಕೊಡಬೇಕು. ಕಂಪನಿ ಹೇಳಿದ ಔಷಧಿಯನ್ನೇ ಹೇಳಿದಂತೆ ಹೊಡೆದ ರೈತನ ಬೆಳೆ ಹೊಸ ನಿಯಮದಿಂದ ತಿರಸ್ಕೃತವಾದರೆ ಆ ನಷ್ಟವನ್ನು ಕಂಪನಿ ಹಂಚಿಕೊಳ್ಳಬೇಕು. ಬೀಜದಿಂದ ಬಾಟಲಿಯವರೆಗೆ ಲಾಭವನ್ನು ಎಲ್ಲರೂ ಹಂಚಿಕೊಳ್ಳುವಾಗ ನಷ್ಟದ ಪಾಲು ಒಬ್ಬನಿಗೇ ಬರುವುದು ಯಾವ ಧರ್ಮ?

ಇಂಥದ್ದನ್ನು ಕೇಳಿದರೆ ಆಗುತ್ತದೆಯೇ ಎಂದು ಕೆಲವರು ಅನುಮಾನಪಡಬಹುದು. 2019ರ ನವೆಂಬರಿನಲ್ಲಿ, ಏಷ್ಯಾ-ಪೆಸಿಫಿಕ್ ವಲಯದ ಹದಿನಾರು ದೇಶಗಳು ಮಾತುಕತೆ ನಡೆಸುತ್ತಿದ್ದ ಆರ್‌ಸಿಇಪಿ ವ್ಯಾಪಾರ ಒಪ್ಪಂದಕ್ಕೆ ಸೇರುವುದಿಲ್ಲವೆಂದು ಭಾರತ ಬ್ಯಾಂಕಾಕ್‌ನಲ್ಲಿ ಹೇಳಿತು. ನ್ಯೂಜಿಲೆಂಡಿನ ಹಾಲಿನ ಪುಡಿ ಬಂದರೆ ನಮ್ಮ ಡೇರಿಗಳ ಗತಿ ಏನು ಎಂದು ದೇಶದ ಹಾಲು ಉತ್ಪಾದಕರು ಎತ್ತಿದ ದನಿ ಅದಕ್ಕೆ ಒಂದು ಮುಖ್ಯ ಕಾರಣವಾಗಿತ್ತು. ಹಾಲು-ರೇಷ್ಮೆಯ ಜಿಲ್ಲೆ ಎಂದು ಹೆಸರಾದ ಅವಿಭಜಿತ ಕೋಲಾರದ ಹಳ್ಳಿಗಳಲ್ಲಿ ಬೆಳಿಗ್ಗೆ ಸಂಜೆ ಡೇರಿಯ ಮುಂದೆ ಕ್ಯಾನು ಹಿಡಿದು ನಿಲ್ಲುವ ಹೆಂಗಸರ ಮಾತು ಅಂದು ಬ್ಯಾಂಕಾಕ್‌ವರೆಗೆ ಹೋಯಿತು. ಹಾಲಿಗೆ ಸಂಘವಿತ್ತು, ಒಕ್ಕೂಟವಿತ್ತು, ಕೇಳುವ ಬಾಯಿಗಳಿದ್ದವು. ಮಿಡಿಸೌತೆಗೆ, ಕಡಲೆಕಾಯಿಗೆ, ಮಾವಿಗೆ ಅಂಥ ಬಾಯಿ ಇನ್ನೂ ಬಂದಿಲ್ಲ.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕ್ಷೇತ್ರಗಳ ಸಂಸದರು ಮೂವರೂ ಸೇರಿ ವಾಣಿಜ್ಯ ಸಚಿವಾಲಯವನ್ನು ಲೋಕಸಭೆಯಲ್ಲಿ ಕೇಳಲಿ: ಯುರೋಪಿನೊಂದಿಗಿನ ವ್ಯಾಪಾರ ಒಪ್ಪಂದದ ಮಾತುಕತೆಯಲ್ಲಿ ಕೀಟನಾಶಕದ ಉಳಿಕೆಯ ಮಿತಿ ಬದಲಾದಾಗ ಸಣ್ಣ ಬೆಳೆಗಾರರಿಗೆ ಒಂದು ಪೂರ್ಣ ಬೆಳೆಯ ಅವಧಿಯಾದರೂ ಕಾಲಾವಕಾಶ ಬೇಕೆಂದು ಭಾರತ ಕೇಳಿತ್ತೇ, ಕೇಳಿದ್ದರೆ ಸಿಕ್ಕ ಉತ್ತರವೇನು, ಆ ನಿಷೇಧಿತ ಔಷಧಿಗಳ ರಫ್ತನ್ನು ಯುರೋಪು ಎಂದು ನಿಲ್ಲಿಸುತ್ತದೆ ಎಂದು. ಉತ್ತರ ಬಂದ ದಿನ ಅದನ್ನು ತಮ್ಮ ಪತ್ರಿಕೆ ನಮ್ಮ ಜಿಲ್ಲೆಯ ಪುಟದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ. ಮುಂದಿನ ಮಿಡಿಸೌತೆಯ ಬಿತ್ತನೆಗೆ ಕಂಪನಿಗಳು ಹಳ್ಳಿಗಳಿಗೆ ಬಂದು ಬೀಜ ಹಂಚುವ ಮೊದಲು, ಯಾವ ಔಷಧಿ ಸಲ್ಲುತ್ತದೆ ಯಾವುದು ಸಲ್ಲದು ಎಂಬ ಕನ್ನಡದ ಪಟ್ಟಿಯೊಂದು ತೋಟಗಾರಿಕೆ ಇಲಾಖೆಯ ಮುದ್ರೆಯೊಂದಿಗೆ ನಮ್ಮ ಕೈ ಸೇರಲಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಬೆಳೆಗಾರ
ಚಿಂತಾಮಣಿ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ